ಸ್ಕಾರ್‌ತೊರ್ಪ್ ದಿಬ್ಬದ ಸೀಸದ ತಗಡು

"ಆ ದಿಬ್ಬ ಒಂದನ್ನ ಬಿಟ್ಬಿಡಿ, ಪೆಲ್ಲಮ್ ಸಾಹೇಬ್ರೇ. ನಮ್ಮ ಕುರಿಗಳೂ ಅಲ್ಲಿ ಮಲಗಲ್ಲ."

ಬೇಲಿಯಾಚೆ ನಿಂತು ಹೀಗೆಂದವಳು ಕುರಿ ಸಾಕುವ ಎನಿಡ್. ಗೆರ್ವೇಸ್ ಪೆಲ್ಲಮ್ ಅವಳ ಕೆಸರು ಮೆತ್ತಿದ ಬೂಟು ನೋಡಿದನೇ ಹೊರತು ಮುಖ ನೋಡಲಿಲ್ಲ.

"ಕುರಿಗಳ ಸಲಹೆ ಕೇಳಿ ಮನೆ ಕಟ್ಟೋ ಗತಿ ನನಗಿನ್ನೂ ಬಂದಿಲ್ಲಮ್ಮ."

ಆರು ನೂರು ವರ್ಷದ ಹಿಂದೆ ಅಲ್ಲೊಬ್ಬ ಜಮೀನ್ದಾರನ ಬಂಗಲೆಯಿತ್ತು. ಕುರಿ ಮೇಯಲು ಜಾಗ ಬೇಕೆಂದು ಅವನು ಒಕ್ಕಲುಗಳ ಗುಡಿಸಲಿಗೆ ಬೆಂಕಿಯಿಟ್ಟ. ಸೂರು ಕಳೆದುಕೊಂಡ ಒಬ್ಬ ವಿಧವೆ ಸೀಸದ ತಗಡಿನಲ್ಲಿ ಶಾಪ ಬರೆಸಿ, ಅಲ್ಲಿ ಹೂಳಿಸಿ ಮಾಟ ಮಾಡಿಸಿದಳು. ವರ್ಷ ತುಂಬುವುದರೊಳಗೆ ಬಂಗಲೆಯೂ ಪಾಳುಬಿತ್ತು. ಉಳಿದದ್ದು ಚೌಕದ ಕಂದಕ, ಅದರ ನಡುವೆ ತುರಿಕೆಗಿಡ ಮುಚ್ಚಿದ ಮಣ್ಣಿನ ದಿಬ್ಬ. ಲಂಡನ್ನಿನಿಂದ ಬಂದ ಪೆಲ್ಲಮ್ ಅದನ್ನು ಕೊಂಡಿದ್ದ. ಅಗೆಯಲು ಊರಿನ ಒಬ್ಬನೂ ಬರಲಿಲ್ಲ. "ಸೆಗಣಿ ತುಂಬಿದ ತಲೆಗಳು," ಎನ್ನುತ್ತ ತಾನೇ ಗುದ್ದಲಿ ಹಿಡಿದ.

ನವೆಂಬರಿನ ನಡುಹಗಲು. ಮೊಣಕಾಲಾಳ ಅಗೆಯುವಷ್ಟರಲ್ಲಿ ಮಡಚಿದ ಸೀಸದ ತಗಡೊಂದು ಸಿಕ್ಕಿತು, ಮೂರು ಮೊಳೆ ಹೊಡೆದದ್ದು. ಮೊಳೆ ಕಿತ್ತು ಬಿಡಿಸಿದ. ಒಳಗೆ ಗೀಚಿದ ಲ್ಯಾಟಿನ್ ಅಕ್ಷರ.

"ಬಿಚ್ಚಿದವನಿಗೆ ಸೂರಿಲ್ಲದಿರಲಿ!" ಬೇಲಿಯ ಕಡೆ ತಿರುಗಿ ಗಟ್ಟಿಯಾಗಿ ಓದಿ ನಕ್ಕ. "ನೋಡಮ್ಮ, ನಿಮ್ಮ ಮಾಟಗಾತಿಗೆ ವ್ಯಾಕರಣಾನೂ ಬರಲ್ಲ!"

"ಬಾಯಿ ಮುಚ್ಕೊಳ್ಳಿ!" ಎನಿಡ್ ಚೀರಿದಳು. "ಹೊರಗೆ ಬನ್ನಿ!"

ಕಂದಕದಿಂದ ಮಂಜು ಎದ್ದಿತು. ಅದರಲ್ಲಿ ಸುಟ್ಟ ಹುಲ್ಲಿನ, ಕರಕಲು ಉಣ್ಣೆಯ ವಾಸನೆ. ಎಲ್ಲೋ ಒಂದು ಮಗು ಕೆಮ್ಮಿತು. ಪೆಲ್ಲಮ್ ಕಂದಕ ಇಳಿದು ಆಚೆ ಹತ್ತಿದ. ಮುಂದೆ ಅದೇ ಕಂದಕ. ಮತ್ತೆ ಹತ್ತಿದ. ಅದೇ ಕಂದಕ. ಓಡಿದ. ಬಿದ್ದ. ಹಿಂದೆ ಚಟಪಟ ಉರಿಯುವ ಸದ್ದು. ಕತ್ತಿನ ಮೇಲೆ ಬಿಸಿಯುಸಿರು. ಕೂಗಿದ. ದನಿಯಿಲ್ಲ.

ಒಂದು ಒರಟು ಕೈ ಕಾಲರು ಹಿಡಿದು ಅವನನ್ನು ಹೊರಗೆಳೆಯಿತು. ಎನಿಡ್.

ಕೃತಜ್ಞತೆಯ ಮಾತೊಂದೂ ಆಡದೆ ಅವನು ತನ್ನ ಬಾಡಿಗೆ ಮನೆಗೆ ಧಾವಿಸಿದ. ಹೊಸ್ತಿಲು ದಾಟಿದ್ದೇ ಗಂಟಲ ತುಂಬ ಹೊಗೆ. ಕಣ್ಣು ಕತ್ತಲಿಟ್ಟಿತು. ತೆವಳುತ್ತ ಅಂಗಳಕ್ಕೆ ಬಂದ ಮೇಲೇ ಉಸಿರು. ಚರ್ಚಿನಲ್ಲೂ ಹಾಗೆಯೇ. ಕಾರಿನೊಳಗೂ ಹಾಗೆಯೇ.

ಡಿಸೆಂಬರಿನ ಮೊದಲ ಹಿಮ ಬಿದ್ದಾಗ ಅವನು ಬಯಲಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ. ಬಿಸಿ ಸೂಪು ತಂದ ಎನಿಡ್ ಮರುಕದಿಂದ ಅವನ ತಲೆಯ ಮೇಲೆ ಕೊಡೆ ಬಿಚ್ಚಿದಳು.

ಅವನು ಗಂಟಲು ಹಿಡಿದುಕೊಂಡು ಒದ್ದಾಡಿದ.

"ಮಡಚಿ... ಮಡಚಮ್ಮಾ, ನಿಮ್ಮ ದಮ್ಮಯ್ಯ!"