ಮೊದಲ ಹನಿ ಮರಕ್ಕೆ

ಬಹಳ ಹಿಂದೆ, ಮರಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಪರಿಮಳಪುರವೆಂಬ ರಾಜ್ಯವಿತ್ತು. ಅಲ್ಲಿ ದೇವೀರಿ ಎಂಬ ಹುಡುಗಿ ಸೊಪ್ಪು, ತೊಗಟೆಗಳನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಹಬೆಯಿಂದ ಎಣ್ಣೆ ಇಳಿಸುತ್ತಿದ್ದಳು. ಮೊದಲ ಹನಿಯನ್ನು ಆಯಾ ಮರದ ಬುಡಕ್ಕೇ ಸುರಿಯುವುದು ಅವರ ಮನೆಯ ರೀತಿ. ಅದನ್ನು ಕಲಿಸಿದವಳು ಅತ್ತಿಗೆ ಪುಟ್ಟತಾಯಿ. ತಾಯಿಯಿಲ್ಲದ ದೇವೀರಿಯನ್ನು ಸಾಕಿದವಳೂ ಅವಳೇ.

ಕರ್ಕಟನೆಂಬ ಮಾಂತ್ರಿಕ ಬಂದು, ರಾಜ್ಯದ ಎಣ್ಣೆಯೆಲ್ಲ ತನಗೇ ಬೇಕೆಂದ. ಪುಟ್ಟತಾಯಿ ಕೊಡಲಿಲ್ಲ. ಅವನು ತನ್ನ ಪ್ರಾಣವಿದ್ದ ಏಡಿಯನ್ನು ಅವಳ ಎದೆಯೊಳಗೆ ಬಿಟ್ಟ. "ಮೂರನೆಯ ಸಂಜೆಗೆ ಇದು ಹೃದಯ ಮುಟ್ಟುತ್ತೆ," ಎಂದು ನಕ್ಕ.

ಮೊದಲ ದಿನ ದೇವೀರಿ ಮದ್ದಿನ ಎಣ್ಣೆ ಇಳಿಸಲೆಂದು ಗಂಧದ ಮರದ ಬಳಿಗೆ ಹೋದಳು. ಕಾವಲಿನ ಹಾವು ಕೇಳಿತು, "ಎಷ್ಟು ಬೇಕು?"

"ಒಂದು ಬೊಗಸೆ ಚಕ್ಕೆ ಸಾಕು, ನನ್ನಪ್ಪಾ."

ಹಾವು ದಾರಿ ಬಿಟ್ಟಿತು. ಇಳಿದ ಎಣ್ಣೆಯಲ್ಲಿ ಸಾಸಿವೆಗಿಂತ ಸಣ್ಣ ಆಳುಗಳಿದ್ದರು, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಅತ್ತಿಗೆಯ ಎದೆಗೆ ಹಚ್ಚಿದೊಡನೆ ಅವರು ಒಳಗಿಳಿದು ಏಡಿಯನ್ನು ಮಲಗಿಸಿದರು. ಆದರೆ ಅದರ ಹಿಡಿತ ಬಿಡಲಿಲ್ಲ.

ಎರಡನೆಯ ದಿನ ದಾಲ್ಚಿನ್ನಿ ಮರದ ಹುಲಿಯೂ ಅದನ್ನೇ ಕೇಳಿತು, ದೇವೀರಿ ಅದನ್ನೇ ಹೇಳಿದಳು. ದಾಲ್ಚಿನ್ನಿಯ ಆಳುಗಳು ಹಿಡಿತ ಸಡಿಲಿಸಿದರು. ಆದರೆ ಏಡಿ ಹೊರಬರಲಿಲ್ಲ.

ಮೂರನೆಯ ದಿನ ಉಳಿದದ್ದು ಹಿತ್ತಲಿನ ಕರ್ಪೂರದ ಮರ. ಕರ್ಕಟ ಅದನ್ನು ಹಿಂಡಿ ಒಣಗಿಸಿದ್ದ. ಕಾವಲಿಗೂ ಯಾರೂ ಇರಲಿಲ್ಲ. "ನನ್ನಲ್ಲಿರೋದು ಇಷ್ಟೇ ಕಣವ್ವ," ಎಂದು ಮರ ಒಂದು ಹಿಡಿ ಎಲೆ ಉದುರಿಸಿತು. ಸಂಜೆಯ ಹೊತ್ತಿಗೆ ಅದರಿಂದ ಇಳಿದದ್ದು ಒಂದೇ ಹನಿ.

"ಮರಕ್ಕೆ ಕೊಟ್ಯಾ?" ಪುಟ್ಟತಾಯಿ ಮೆಲ್ಲಗೆ ಕೇಳಿದಳು.

"ಇರೋದೇ ಒಂದ್ ಹನಿ ಅತ್ತಿಗೆ. ನಿಮಗೆ ಬೇಡ್ವಾ?"

"ಅದೂ ನನ್ನಂಗೇ ಬಾಡಿ ನಿಂತೈತೆ. ಇರೋದ್ರಲ್ಲೇ ಕೊಟ್ಟೈತಲ್ಲ. ಹೋಗು ಮಗಾ."

ದೇವೀರಿಗೆ ಅತ್ತಿಗೆಯ ಮೇಲೆ ಸಿಟ್ಟೇ ಬಂತು. ಅಳುತ್ತಲೇ ಹೋಗಿ ಹನಿಯನ್ನು ಬುಡಕ್ಕೆ ಸುರಿದಳು.

ಮರ ಕಣ್ಣೆದುರೇ ಚಿಗುರಿತು. ಎಲೆಎಲೆಯಲ್ಲೂ ಎಣ್ಣೆ ಜಿನುಗಿತು. ಸಾವಿರಾರು ಆಳುಗಳು ಇಳಿದು, ಸಾಲುಗಟ್ಟಿ ಮನೆಯೊಳಗೆ ನಡೆದರು. ಗಂಧದವರು, ದಾಲ್ಚಿನ್ನಿಯವರು ಎದೆಯೊಳಗಿಂದ ಕೈಜೋಡಿಸಿದರು. ಎಲ್ಲರೂ ಸೇರಿ ಏಡಿಯನ್ನು ಹೊತ್ತು ತಂದು ಕುದಿಯುವ ಹಂಡೆಗೆ ಹಾಕಿದರು. ಎಲ್ಲೋ ಕುಳಿತಿದ್ದ ಕರ್ಕಟ ಹಬೆಯಾಗಿ ಹೋದ. ಪರಿಮಳವೆಲ್ಲ ತನಗೇ ಬೇಕೆಂದವನ ಹಬೆಗೆ ಯಾವ ವಾಸನೆಯೂ ಇರಲಿಲ್ಲ.

ಪುಟ್ಟತಾಯಿ ಎದ್ದು ಕುಳಿತು ಗಂಜಿ ಕೇಳಿದಳು. ಮರುದಿನ ಇಬ್ಬರೂ ಮೂರು ಮರಗಳ ಬಳಿಗೂ ಹೋಗಿ ಕೈಮುಗಿದರು, ಹಾವಿಗೂ ಹುಲಿಗೂ ಮುಗಿದರು. ಆ ರಾಜ್ಯದಲ್ಲಿ ಮತ್ತೆ ಯಾರ ಎದೆಯೊಳಗೂ ಏಡಿ ಹೊಗಲಿಲ್ಲ, ಎಲ್ಲರೂ ತಣ್ಣಗೆ ಬಾಳಿದರು.

ಇನ್ನು ದೇವೀರಿ? ಮೊದಲ ಹನಿ ಬಿದ್ದರೆ ಸಾಕು, ಅತ್ತಿಗೆ ಕೇಳುವ ಮೊದಲೇ ಮರದ ಬಳಿಗೆ ಓಡುತ್ತಿದ್ದಳು.