ಗೆರೆಯ ಕೆಳಗೆ ಎರಡು ಚುಕ್ಕಿ

"ಆ ರಿಜಿಸ್ಟರ್ ಬಿಡಿ."

ನವ್ಯಶ್ರೀ ಬಿಡಲಿಲ್ಲ. ಮೇಜಿನ ಆ ಕಡೆ ಅವನ ಕೈ, ಈ ಕಡೆ ಇವಳ ಕೈ, ನಡುವೆ ನೀಲಿ ರಟ್ಟಿನ ಉದ್ದನೆಯ ಪುಸ್ತಕ. ಹೆತ್ತೂರಿನ ಆ ಕಾಫಿ ಎಸ್ಟೇಟಿನ ಆಫೀಸಿಗೆ ಅವಳು ಬಂದು ಹತ್ತು ನಿಮಿಷವೂ ಆಗಿರಲಿಲ್ಲ.

"ನೋಡೋಕೆ ಕಂಪನಿನೇ ಪರ್ಮಿಷನ್ ಕೊಟ್ಟಿದೆ," ಎಂದಳು.

"ನೋಡಿ. ಫೋಟೋ ಮಾತ್ರ ಬೇಡ."

ಬೇಡ ಅಂದಿದ್ದೇ ತಪ್ಪಾಯಿತು. ಹಾಸನದಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್ ಓದುವವಳು, ಅದರಲ್ಲೂ ಬಿಸಿನೆಸ್ ಎಥಿಕ್ಸ್ ವಿಷಯಕ್ಕೆ ಪ್ರಾಜೆಕ್ಟ್ ಮಾಡಲು ಬಂದವಳು. ಕಂಪನಿಯೊಂದು ಸಮಾಜಕ್ಕೆ ಮಾಡಿದೆ ಅನ್ನುವ ಸೇವೆ ನಿಜವಾಗಿ ನಡೆದಿದೆಯೋ ಇಲ್ಲವೋ ನೋಡುವುದೇ ಅವಳ ಕೆಲಸ. ಅಂಥವಳಿಗೆ ಬೇಡ ಅಂದರೆ ಒಳಗೆ ಏನೋ ಇದೆ ಎಂದೇ ಅರ್ಥ.

ಕೊನೆಗೆ ಅವನೇ ಕೈ ತೆಗೆದ. ಹೆಸರು ರವಿಚಂದ್ರ, ಕುಂದೂರಿನವನು. ಕಂಪನಿಯ ಸಮಾಜಸೇವೆಯ ಕೆಲಸಗಳನ್ನೆಲ್ಲ ನೋಡಿಕೊಳ್ಳುವವನು. ಗೆದ್ದೆ ಎಂದು ಖುಷಿಪಡಬೇಕಾದ ನವ್ಯಶ್ರೀ ಅವನ ಬೆರಳು ತಾಗಿದ ಜಾಗವನ್ನು ಯಾಕೋ ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಹುಡುಗಿಗೆ ಅವತ್ತೇ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ.

ಅದು ಹೆಂಗಸರ ಆರೋಗ್ಯ ಶಿಬಿರದ ರಿಜಿಸ್ಟರು. ಹೋದ ವರ್ಷದ ಪುಟಗಳಲ್ಲೆಲ್ಲ ಹೆಬ್ಬೆಟ್ಟಿನ ಗುರುತು. ಈ ವರ್ಷದ ಪುಟಗಳಲ್ಲಿ ಸಹಿ. ನಲವತ್ತೊಂದು ಹೆಂಗಸರ ಸಹಿ, ನಲವತ್ತೊಂದೂ ಒಂದೇ ಕೈಬರಹ! ಪ್ರತಿ ಹೆಸರಿನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಪುಟದ ಕೊನೆಯಲ್ಲಿ ರವಿಚಂದ್ರನ ಸಹಿಯಿತ್ತು. ಅದಕ್ಕೂ ಅದೇ ಗೆರೆ, ಅದೇ ಎರಡು ಚುಕ್ಕಿ.

ಶಿಬಿರ ನಡೆದೇ ಇಲ್ಲ... ಇವನೇ ಕೂತು ಎಲ್ಲರ ಹೆಸರೂ ಗೀಚಿದ್ದಾನೆ...

ಕೇಳಿದಳು. ಅವರೇ ಹಾಕಿದ್ದು ಎಂದ. ಅವರಿಗೆ ಬರೆಯಲು ಬರುತ್ತಾ ಎಂದಳು. ಅವನು ಕಿಟಕಿಯ ಕಡೆ ತಿರುಗಿ, "ಅದನ್ನ ನನ್ನ ಕೇಳ್ಬೇಡಿ," ಎಂದ.

ಅವಳು ಹೆಂಗಸರನ್ನೇ ಕೇಳಿದಳು. ಕಣದಲ್ಲಿ ಕಾಫಿ ಹಣ್ಣು ಹರಡುತ್ತಿದ್ದ ಮಾದೇವಮ್ಮ ಅವರೆಲ್ಲರಿಗಿಂತ ಹಿರಿಯಳು. ಕೂಲಿಯವರ ಹಾಜರಿ ಬರೆಯುವ ರೈಟರ್ ಲಕ್ಕಪ್ಪ ಅಲ್ಲೇ ನಿಂತಿದ್ದ. ಮಾದೇವಮ್ಮ ಅವನನ್ನೊಮ್ಮೆ ನೋಡಿ, "ನಾನು ಹೆಬ್ಬೆಟ್ಟು ಕಣವ್ವ. ಅಕ್ಸರ ಎಲ್ಲಿ ಬತ್ತದೆ ನಂಗೆ," ಎಂದು ಮತ್ತೆ ಹಣ್ಣು ಹರಡಿದಳು.

ಇನ್ನೇನು ಸಾಕ್ಷಿ ಬೇಕು?

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಆಮೇಲಿನ ಎರಡು ವಾರ ರವಿಚಂದ್ರ ಏನು ಮಾಡಿದರೂ ನವ್ಯಶ್ರೀಗೆ ಮೋಸವೇ ಕಂಡಿತು. ಸಕಲೇಶಪುರದ ಬಸ್ಸು ತಪ್ಪಿದ ದಿನ ಅವನು ಜೀಪಿನಲ್ಲಿ ಬಿಟ್ಟುಬಂದ. ದಾರಿಯುದ್ದಕ್ಕೂ ಅವಳು, ಇದು ಬಾಯಿ ಮುಚ್ಚಿಸುವ ಉಪಾಯ ಎಂದುಕೊಂಡಳು. ಅವಳು ಊಟ ತಂದಿಲ್ಲವೆಂದು ತನ್ನ ಡಬ್ಬಿಯ ಅಕ್ಕಿರೊಟ್ಟಿಯಲ್ಲಿ ಅರ್ಧ ಕೊಟ್ಟ. ಲಂಚ ಎಂದುಕೊಂಡೇ ಎರಡು ರೊಟ್ಟಿ ತಿಂದಳು. ಎಳ್ಳು ಚಟ್ನಿ ಚೆನ್ನಾಗಿತ್ತು ಎನ್ನುವುದನ್ನು ಮಾತ್ರ ಟಿಪ್ಪಣಿಯಲ್ಲಿ ಬರೆಯಲಿಲ್ಲ.

ದಿನಾ ಸಾಯಂಕಾಲ ಕೆಲಸ ಬಿಟ್ಟಮೇಲೆ ಅವನು ಬಟ್ಟೆಯ ಚೀಲ ಹಿಡಿದು ಕೂಲಿಯವರ ಲೈನ್ ಮನೆಗಳ ಕಡೆ ನಡೆಯುತ್ತಿದ್ದ. ಅಲ್ಲಿನ ಬಾಲವಾಡಿ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಅವಳೂ ಹಿಂದೆ ಹೋದಳು. ಒಳಗೆ ಗುಜುಗುಜು. ಅವಳ ಚಪ್ಪಲಿಯ ಸದ್ದಿಗೆ ಎಲ್ಲ ನಿಂತಿತು. ಹೊರಗೆ ಬಂದ ಒಬ್ಬ ಹೆಂಗಸು ಅವಸರವಾಗಿ ಸೆರಗಿಗೆ ಕೈ ಒರೆಸಿಕೊಂಡಳು. ಸೆರಗಿನ ಮೇಲೆ ಬಿಳಿ ಪುಡಿ. ನವ್ಯಶ್ರೀ ಅದನ್ನೂ ಬರೆದುಕೊಂಡು ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ರಾತ್ರಿ ಮಲಗಿದರೆ ಮಾತ್ರ ಅದೇ ಮುಖ. ಇಷ್ಟು ಒಳ್ಳೆಯ ಕಣ್ಣಿರುವವನು ಸುಳ್ಳು ಹೇಳುತ್ತಾನಾ? ಹೇಳುತ್ತಾನೆ, ಅಂಥವರೇ ಹೇಳುವುದು ಎಂದು ತನಗೆ ತಾನೇ ಗದರಿಕೊಳ್ಳುತ್ತಿದ್ದಳು.

ಕೊನೆಯ ದಿನ ಅವನು ಬಸ್ ಸ್ಟಾಪಿನವರೆಗೂ ಬಂದ. ಏನೋ ಹೇಳಲು ಹೊರಟ. ಅವಳು ಮುಖ ತಿರುಗಿಸಿ ಬಸ್ಸು ಹತ್ತಿಬಿಟ್ಟಳು.

ನಾಲ್ಕನೇ ಅಧ್ಯಾಯದಲ್ಲಿ ಎಲ್ಲ ಬರೆದಳು: ನಕಲಿ ಸಹಿ, ನಡೆಯದ ಶಿಬಿರ, ಹೊಣೆಗಾರನ ಹೆಸರು. ಒಂದು ಪ್ರತಿ ಕಾಲೇಜಿಗೆ, ಒಂದು ಪ್ರತಿ ಕಂಪನಿಗೆ. ಹಾಗೆಂದು ಮೊದಲೇ ಒಪ್ಪಂದವಾಗಿತ್ತು. ನಾಲ್ಕೇ ದಿನಕ್ಕೆ ಕಂಪನಿ ರವಿಚಂದ್ರನನ್ನು ಕೆಲಸದಿಂದ ದೂರವಿಟ್ಟಿತು. ವಿಚಾರಣೆಯಲ್ಲೂ ಅವನು ಬಾಯಿ ಬಿಡಲಿಲ್ಲವಂತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತಲ್ಲ, ಇವನೇಕೆ ಸುಮ್ಮನಿದ್ದಾನೆ? ಅವಳಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಎಥಿಕ್ಸ್ ಪಾಠ ಮಾಡುವ ಮೊಡೆಸ್ಟಾ ಮೇಡಂ ವರದಿ ವಾಪಸ್ ಕೊಟ್ಟರು. "ನೀನು ಮಾತಾಡಿಸಿದ ಹೆಂಗಸರ ಒಪ್ಪಿಗೆ ಪತ್ರ ಎಲ್ಲಮ್ಮ? ಊರಿನ ನೀತಿಯೆಲ್ಲ ಅಳೆಯೋ ಮುಂಚೆ ನಿಂದು ಸರಿ ಮಾಡ್ಕೊಂಡು ಬಾ."

ಮಾರನೆಯ ದಿನವೇ ಅವಳು ಹೆತ್ತೂರಿಗೆ ಹೋದಳು. ಮಾದೇವಮ್ಮ ಲೈನ್ ಮನೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ನವ್ಯಶ್ರೀ ಪತ್ರ ಓದಿ ಹೇಳಿ, ಹೆಬ್ಬೆಟ್ಟಿಗೆಂದು ಶಾಯಿ ಡಬ್ಬಿಯ ಮುಚ್ಚಳ ತೆಗೆದಳು.

"ಮುಚ್ಚು ಅದನ್ನ. ಪೆನ್ನು ಕೊಡಿಲ್ಲಿ," ಎಂದಳು ಮಾದೇವಮ್ಮ.

ಪೆನ್ನನ್ನು ಕುಡುಗೋಲು ಹಿಡಿದಂತೆ ಬಿಗಿಯಾಗಿ ಹಿಡಿದಳು. ನಾಲಿಗೆಯ ತುದಿ ಹೊರಗೆ ಬಂತು. ಒಂದೊಂದೇ ಅಕ್ಷರ, ತುಂಬ ಹೊತ್ತು. ಹೆಸರು ಮುಗಿಯಿತು. ಕೆಳಗೆ ಗೆರೆ ಎಳೆದಳು. ಗೆರೆಯ ಕೆಳಗೆ ಎಚ್ಚರಿಕೆಯಿಂದ ಒಂದು ಚುಕ್ಕಿ, ಇನ್ನೊಂದು ಚುಕ್ಕಿ.

ನವ್ಯಶ್ರೀ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವ್ವಾ... ಈ ಚುಕ್ಕಿ ಯಾಕೆ?"

"ಯಾಕೆ ಅಂದ್ರೆ? ಅವರು ಸ್ಲೇಟ್ ಮ್ಯಾಲೆ ಹೆಂಗ್ ಬರ್ಕೊಟ್ರೋ ಹಂಗೇ ಬರೀಬೇಕಲ್ವಾ. ಚುಕ್ಕಿ ಬುಟ್ಬುಟ್ರೆ ಹೆಸರು ತಪ್ಪೋಗಲ್ವಾ?"

ಒಬ್ಬನೇ ಮೇಷ್ಟ್ರು, ರವಿಚಂದ್ರ. ನಲವತ್ತೊಂದು ಸ್ಲೇಟಿನ ಮೇಲೆ ನಲವತ್ತೊಂದು ಹೆಸರು ಬರೆದುಕೊಟ್ಟಿದ್ದ. ಕೈರೂಢಿಯಂತೆ ಕೆಳಗೆ ತನ್ನ ಗೆರೆ, ಚುಕ್ಕಿಗಳನ್ನೂ ಹಾಕಿಬಿಟ್ಟಿದ್ದ. ತಿಂಗಳುಗಟ್ಟಲೆ ಅದನ್ನೇ ತಿದ್ದಿದ ಹೆಂಗಸರಿಗೆ ಅವನ ಅಕ್ಷರವೇ ಅಕ್ಷರ, ಚುಕ್ಕಿಯೂ ಹೆಸರಿನ ಭಾಗವೇ. ಸೆರಗಿನ ಬಿಳಿ ಪುಡಿ ಬಳಪದ್ದು.

"ಮತ್ತೆ ಅವತ್ತು ಬರಲ್ಲ ಅಂದ್ರಲ್ಲ ಅವ್ವಾ..."

"ರೈಟರ್ ನಿಂತಿದ್ದ ಕಣವ್ವ. ಅರವತ್ತಕ್ಕೆ ಅಕ್ಸರ ಅಂತ ಊರೆಲ್ಲ ಹೇಳ್ಕಂಡು ನಗ್ತಾನೆ. ಯಾರಿಗೂ ಹೇಳಬ್ಯಾಡಿ ಅಂತ ನಾವೇ ಮೇಷ್ಟ್ರ ಕೈಲಿ ಆಣೆ ಮಾಡ್ಸಿದ್ವಿ. ಅದಕ್ಕೆ ಪಾಪ ಬಾಯೇ ಬಿಡ್ನಿಲ್ಲ. ಯಾರೋ ಮಾರಾಯ್ತಿ ಏನೋ ಬರೆದು ಕೆಲ್ಸಾನೇ ಕಳೆದ್ಬುಟ್ಳಂತೆ."

"ಆ ಮಾರಾಯ್ತಿ ನಾನೇ ಅವ್ವಾ," ಎಂದಳು ನವ್ಯಶ್ರೀ, ಮತ್ತು ಅಳತೊಡಗಿದಳು.

ಮಾದೇವಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಮನೆಮನೆಗೂ ಹೋಗಿ ಉಳಿದವರನ್ನು ಕರೆದಳು. ಮಾರನೆಯ ದಿನ ನಲವತ್ತೊಂದು ಹೆಂಗಸರೂ ಮ್ಯಾನೇಜರ್ ಎದುರು, ಲಕ್ಕಪ್ಪನ ಎದುರೇ, ಸಾಲಾಗಿ ನಿಂತು ತಮ್ಮ ಹೆಸರು ಬರೆದರು. ಲಕ್ಕಪ್ಪ ನಗಲಿಲ್ಲ.

ಅವಳ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಹಾಸನದಲ್ಲಿತ್ತು. ಹೊರಗಿನಿಂದ ಬಂದ ಪರೀಕ್ಷಕರ ಕೈಯಲ್ಲಿದ್ದದ್ದು ಮೊದಲೇ ಕಳಿಸಿದ್ದ ಹಳೆಯ ಪ್ರತಿ; ಅವರು ನಾಲ್ಕನೇ ಅಧ್ಯಾಯವನ್ನೇ ಹೊಗಳಿದರು. ಇಡೀ ಕ್ಲಾಸಿನಲ್ಲಿ ಇದೇ ಒಳ್ಳೆಯ ಕೆಲಸ ಎಂದರು. ಸುಮ್ಮನಿದ್ದರೆ ಮೊದಲ ಸ್ಥಾನ.

"ಸರ್, ಆ ಅಧ್ಯಾಯ ತಪ್ಪು. ನಾನು ಬರಹ ನೋಡಿದೆ, ಬರೆದವರನ್ನ ನೋಡ್ಲಿಲ್ಲ. ಒಬ್ಬರ ಹೆಸರು ಕೆಡಿಸಿದ್ದೀನಿ. ವಾಪಸ್ ತಗೋತೀನಿ."

ಹೊರಗೆ ಬಂದಾಗ ಮೊಡೆಸ್ಟಾ ಮೇಡಂ ಹೇಳಿದರು: "ತಪ್ಪು ಒಪ್ಕೊಂಡವರಿಗೆ ಮಾರ್ಕ್ಸ್ ಕೊಡೋ ಕಾಲಂ ಇಲ್ಲ ಕಣಮ್ಮ. ಪಾಸಾಗ್ತೀಯ, ಅಷ್ಟೆ. ಈಗ ಇಲ್ಲೇನು ಮಾಡ್ತಿದ್ದೀಯ?"

ಅವಳು ಕುಂದೂರಿನ ಬಸ್ಸು ಹತ್ತಿದಳು.

ರವಿಚಂದ್ರ ಹೊಲದಲ್ಲಿ ಶುಂಠಿ ಕೀಳಿಸುತ್ತಿದ್ದ. ಅವಳನ್ನು ಕಂಡು ಮಣ್ಣಿನ ಕೈಯಲ್ಲೇ ಬದುವಿಗೆ ಬಂದ. ಸೋಮವಾರದಿಂದ ಕೆಲಸಕ್ಕೆ ಬರಲು ಕಂಪನಿಯಿಂದ ಫೋನ್ ಬಂದಿದೆ ಎಂದು ತಾನೇ ಹೇಳಿದ. ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ನನ್ನ ಬೈದ್ಬಿಡಿ," ಎಂದಳು.

"ಅನುಮಾನ ಬಂದಿದ್ದನ್ನ ಬರೆದ್ರಿ, ಅದು ತಪ್ಪಲ್ಲ. ಆದ್ರೆ ಕೊನೇ ದಿನ ಒಂದ್ಸಲ ನನ್ನ ಮುಖ ನೋಡ್ಬಹುದಿತ್ತು."

"ನೋಡಿದ್ರೆ ನಂಬಿಬಿಡ್ತಿದ್ದೆ. ಅದಕ್ಕೇ ನೋಡ್ಲಿಲ್ಲ." ಅವಳು ಬದುವಿನ ಹುಲ್ಲನ್ನೇ ನೋಡುತ್ತ ಹೇಳಿದಳು. "ಮೊದಲ ದಿನದಿಂದ ನನಗೆ ನಿಮ್ಮ ಮೇಲೆ ಮನಸಿತ್ತು. ಹಾಗಾಗಿ ನಿಮಗಿಂತ ಜಾಸ್ತಿ ನನ್ನ ಮೇಲೇ ಅನುಮಾನ ಪಟ್ಟೆ."

ಅವನು ಕೈಯ ಮಣ್ಣು ಉಜ್ಜುತ್ತ ನಿಂತ. ಅವಳು ಹೊರಡಲು ತಿರುಗಿದಳು.

"ಬಿಸಿಲಿದೆ. ಆ ಹೊಂಗೆಮರದ ಕೆಳಗೆ ಕೂತ್ಕೋ. ಕೈ ತೊಳ್ಕೊಂಡು ಬರ್ತೀನಿ, ಒಟ್ಟಿಗೆ ಮನೆಗೆ ಹೋಗೋಣ."

ನವ್ಯಶ್ರೀ ಅಲ್ಲೇ ನಿಂತಳು. "ಕೂತ್ಕೋ ಅಂದ್ರಾ?"

"ಅಂದೆ."

"ಇಷ್ಟು ದಿನ ಕೂತ್ಕೊಳ್ಳಿ ಅಂತಿದ್ರಿ."

"ಬೇಜಾರಾದ್ರೆ ಮತ್ತೆ ಹಾಗೇ ಅಂತೀನಿ."

ಅವಳು ಈ ಸಲ ಅವನ ಮುಖವನ್ನು ನೇರವಾಗಿ, ಕಣ್ಣು ಮಿಟುಕಿಸದೆ ನೋಡಿದಳು.

"ಬೇಡ," ಎಂದಳು. "ಬೇಗ ಬಾ."