ತೀರಿಹೋದವಳಿಗೆ ಬಂದ ಶುಭಾಶಯ

ಗಡಿಯಾರ ರಿಪೇರಿಯವನು ಹೂಗಿಡದ ಅಂಗಡಿಗೆ ಮೊದಲ ಸಲ ಬಂದದ್ದು ಜಗಳಕ್ಕೆ. ತೀರಿಹೋದ ತನ್ನ ಹೆಂಡತಿಗೆ ಅಂಗಡಿಯಿಂದ ವಾರವಾರವೂ ಇಮೇಲ್ ಬರುತ್ತಿದೆ, ಬೇಡವೆಂದು ಒತ್ತಿದರೂ ನಿಲ್ಲುತ್ತಿಲ್ಲ ಎಂದ. ಜಗಳವಾಡಿ ಅಭ್ಯಾಸವಿಲ್ಲದ ಮನುಷ್ಯ. ಅರ್ಧದಲ್ಲೇ ದನಿ ಕುಗ್ಗಿತು.

ಇಮೇಲ್ ಕೆಲಸ ನೋಡಿಕೊಳ್ಳುತ್ತಿದ್ದವಳು ಮಾಲೀಕರ ತಂಗಿಯ ಮಗಳು. ಅವನ ಎದುರಿಗೇ ಆ ವಿಳಾಸವನ್ನು ಪಟ್ಟಿಯಿಂದ ತೆಗೆದುಹಾಕಿದಳು.

"ಇನ್ನು ಬರಲ್ಲ. ನನ್ನ ಮಾತು."

ಮುಂದಿನ ವಾರ ಅವನು ಕುಂಡ ಕೊಳ್ಳಲು ಬಂದ. ಆಮೇಲೆ ಕುಂಡಕ್ಕೆ ಮಣ್ಣು. ಆಮೇಲೆ, ಮಣ್ಣಿದ್ದ ಮೇಲೆ ಗಿಡ ಬೇಡವೇ ಎಂದು ಗಿಡ. ಎಲ್ಲವನ್ನೂ ಒಟ್ಟಿಗೇ ಒಯ್ಯಬಾರದೇ ಎಂದು ಅವಳು ಕೇಳಿದರೆ, "ಇರೋದು ಎರಡೇ ಕೈ ಅಲ್ವಾ" ಎಂದು ಬಳ್ಳಿಯ ಕಡೆ ನೋಡುತ್ತಿದ್ದ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡು ಬಿಲ್ ಬರೆಯುತ್ತಿದ್ದಳು. ಕೊನೆಗೊಂದು ದಿನ, ಭಾನುವಾರ ಕೆರೆಯ ಕಡೆ ನಡೆದುಬರೋಣವೇ ಎಂದು ಕೇಳಿದ. ಒಪ್ಪಿದಳು.

ಶನಿವಾರ ಅವಳಿಗೆ ರಜೆ. ಗುಲಾಬಿ ಗಿಡಗಳು ಮಾರಾಟವಾಗದೆ ಉಳಿದಿದ್ದವು. ಅವನ್ನು ಮಾರಲೆಂದು ಮಾಲೀಕರಾದ ಮಾವ ತಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ವಿಳಾಸಗಳನ್ನೆಲ್ಲ, ಬೇಡವೆಂದವರನ್ನೂ ಸೇರಿಸಿ, ಮತ್ತೆ ಇಮೇಲ್ ಪಟ್ಟಿಗೆ ತುಂಬಿಬಿಟ್ಟರು. ಹುಟ್ಟುಹಬ್ಬದ ಶುಭಾಶಯಗಳು ತಾವಾಗಿಯೇ ಹೋಗುವ ಏರ್ಪಾಡು ಅದರಲ್ಲಿತ್ತು.

ಭಾನುವಾರ ಅವಳು ಕೆರೆಯ ದಂಡೆಯಲ್ಲಿ ಕಾದಳು. ಅವನು ಬರಲಿಲ್ಲ.

ಸೋಮವಾರ ದೂರುಗಳು ಬಂದು ಬಿದ್ದವು. ಇಮೇಲ್ ಕಳಿಸಿಕೊಡುವ ಕಂಪನಿ ಅಂಗಡಿಯ ಖಾತೆ ಮುಚ್ಚಿತು. ಬೇಡವೆಂದವರಿಗೆ ಕಳಿಸುವುದು ಕಾನೂನಿಗೆ ವಿರುದ್ಧ ಎಂದು ಎಚ್ಚರಿಸಿತು. ಆ ಗಡಿಯಾರದವನನ್ನಾದರೂ ಸಮಾಧಾನಪಡಿಸು, ನಿನ್ನ ಮಾತು ಕೇಳುತ್ತಾನೆ ಎಂದು ಮಾವ ಅಂಗಲಾಚಿದರು.

"ಬೇಡ ಅಂದವರನ್ನ ಮತ್ತೆ ಕೇಳಬಾರದು ಮಾವ. ಎಷ್ಟು ಸಲ ಹೇಳಿದ್ದೆ ನಿಮಗೆ."

ಕ್ಷಮೆ ಕೇಳಿ ಅವನಿಗೊಂದು ಇಮೇಲ್ ಬರೆಯುವುದಕ್ಕೂ ಮನಸ್ಸಾಗಲಿಲ್ಲ. ಸಂಜೆ ತಾನೇ ಅವನ ಅಂಗಡಿಗೆ ಹೋದಳು. ಮಾತು ಉಳಿಸಿಕೊಳ್ಳಲಿಲ್ಲ, ತಪ್ಪಾಯಿತು ಎಂದಳು.

"ನಿಮ್ಮ ಮೇಲೆ ಸಿಟ್ಟಿಲ್ಲ," ಎಂದ ಅವನು. "ನಿನ್ನೆ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕ್ತಿದ್ದೆ, ನಿಮ್ಮನ್ನೇ ನೆನೆಸ್ಕೊಂಡು. ಆಗ ಬಂತು, ಅವಳಿಗೆ ಹುಟ್ಟುಹಬ್ಬದ ಶುಭಾಶಯ." ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜನ್ನು ತೆಗೆದ. "ನಾನು ಮರೆತೇಬಿಟ್ಟಿದ್ದೆ. ನಿಮ್ಮ ಅಂಗಡಿ ಮರೆತಿರಲಿಲ್ಲ."

ಗಾಜನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿದ.

"ನೀವು ಅಂದ್ರೆ ನನಗೆ ಇಷ್ಟ. ಇಲ್ಲ ಅಂತ ಸುಳ್ಳು ಹೇಳಲಾರೆ. ಆದ್ರೆ ಬನ್ನಿ ಅನ್ನೋಕೆ ಬಾಯಿ ಬರ್ತಿಲ್ಲ. ಹೋಗಿ ಅನ್ನೋಕೂ ಬರ್ತಿಲ್ಲ."

ಅವಳು ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಕುಳಿತಳು. ಅವನು ಏಳಿ ಎನ್ನಲಿಲ್ಲ. ಕೈಗಡಿಯಾರವೊಂದನ್ನು ತೆಗೆದುಕೊಂಡು ಚಿಕ್ಕ ಸ್ಕ್ರೂ ಕೂರಿಸಲು ಹೋದ. ಅದು ಜಾರಿ ಕೆಳಗೆ ಬಿತ್ತು. ಇಬ್ಬರೂ ಬಗ್ಗಿ, ಒಬ್ಬರ ಮುಖ ಒಬ್ಬರು ನೋಡದೆ, ನೆಲ ತಡವುತ್ತಾ ಹುಡುಕತೊಡಗಿದರು.